ಜೀವಕೋಶಕ್ಕೆ ಪಾಪ ಅಂಟುತ್ತದೆಯೇ?

ಕ್ಯಾನ್ಸರ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ನಮ್ಮ ಮನೆಗಳಲ್ಲಿ ಎರಡು ಮಾತು ಕೇಳಿಬರುತ್ತವೆ. ಹಿರಿಯರು 'ಯಾವ ಜನ್ಮದ ಕರ್ಮವೋ' ಎಂದು ನಿಟ್ಟುಸಿರಿಡುತ್ತಾರೆ. ಇಲ್ಲಿ ಆಸ್ಟ್ರೇಲಿಯಾದಲ್ಲೇ ಹುಟ್ಟಿ ಬೆಳೆದ ಮಕ್ಕಳು 'ಹೋರಾಡಿ, ಗೆದ್ದೇ ಗೆಲ್ಲುತ್ತೀರಿ' ಎನ್ನುತ್ತಾರೆ. ಮೊದಲನೆಯದರಲ್ಲಿ ರೋಗಿಯೇ ಅಪರಾಧಿ. ಎರಡನೆಯದರಲ್ಲಿ ಗೆಡ್ಡೆ ವೈರಿ. ರೋಗಿ ಸೋತರೆ ಅವರ ಧೈರ್ಯ ಸಾಲಲಿಲ್ಲವೆಂದು ಅರ್ಥ. ಎರಡೂ ಪ್ರೀತಿಯಿಂದ ಆಡುವ ಮಾತುಗಳೇ. ಆದರೆ ನ್ಯಾಯವಾದ ಮಾತುಗಳೇ?

ಗೆಡ್ಡೆಯೊಳಗೂ ಡಾರ್ವಿನ್ ಹೇಳಿದಂಥ ವಿಕಾಸವೇ ನಡೆಯುತ್ತದೆಂದು ಅಮೆರಿಕದ ಪೀಟರ್ ನೋವೆಲ್ 1976ರಲ್ಲಿ ವಾದಿಸಿದರು. ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶವೊಂದರಲ್ಲಿ ಬಿರಾಫ್ ಎಂಬ ಜೀನಿನ ಒಂದೇ ಅಕ್ಷರ ಬದಲಾಗುತ್ತದೆ. ಕೋಶ ಸ್ವಲ್ಪ ಕಾಲ ಹೆಚ್ಚಿ, ಆಮೇಲೆ ಸುಮ್ಮನಾಗುತ್ತದೆ. ನಮ್ಮ ಮೈಮೇಲಿನ ಎಷ್ಟೋ ಮಚ್ಚೆಗಳು ಹುಟ್ಟಿದ್ದು ಹೀಗೆ. ಬಹುಪಾಲು ಕಡೆಯವರೆಗೂ ತೆಪ್ಪಗಿರುತ್ತವೆ. ಎಲ್ಲೋ ಒಂದರಲ್ಲಿ ಇನ್ನೊಂದು ಬದಲಾವಣೆ ಸೇರಿ ಕೋಶಕ್ಕೆ ಮುಪ್ಪು ತಪ್ಪುತ್ತದೆ, ಮತ್ತೊಂದು ಸೇರಿ ಬ್ರೇಕ್ ಕಳಚುತ್ತದೆ. ಮೆಲನೋಮವನ್ನೂ ಅದರ ಪಕ್ಕದಲ್ಲೇ ಉಳಿದಿದ್ದ ಹಳೆಯ ಮಚ್ಚೆಯ ಭಾಗವನ್ನೂ ಹೋಲಿಸಿ, ಈ ಮೆಟ್ಟಿಲುಗಳನ್ನು 2015ರಲ್ಲಿ ವಿಜ್ಞಾನಿಗಳು ಗುರುತಿಸಿದರು.

ಅದೇ ವರ್ಷ ಇಂಗ್ಲೆಂಡಿನ ಸ್ಯಾಂಗರ್ ಸಂಸ್ಥೆಯವರು ನಾಲ್ಕು ಜನರ ಕಣ್ಣುರೆಪ್ಪೆಯ ಚರ್ಮ ಪರೀಕ್ಷಿಸಿದರು. ಕ್ಯಾನ್ಸರ್ ಇಲ್ಲದ, ನೋಡಲು ಸಾಧಾರಣವಾದ ಚರ್ಮ. ಅದರ ಸುಮಾರು ಕಾಲುಭಾಗ ಕೋಶಗಳಲ್ಲಿ ಕ್ಯಾನ್ಸರಿಗೆ ದಾರಿಮಾಡುವ ಬದಲಾವಣೆಗಳು ಆಗಲೇ ಇದ್ದವು! ಕರ್ಮದ ಲೆಕ್ಕ ಬರೆಯುವ ಚಿತ್ರಗುಪ್ತನಿಗೂ ಇಲ್ಲಿ ಕಷ್ಟವೇ. ಬಿಸಿಲು ಜೀನುಗಳ ಮೇಲೆ ಗುರುತು ಬಿಡುತ್ತದೆ, ಒಪ್ಪೋಣ. ಆದರೆ ಗುರುತು ಬಿದ್ದ ಅಸಂಖ್ಯ ಕೋಶಗಳಲ್ಲಿ ಯಾವುದು ಕೆಡುತ್ತದೆ ಎಂಬುದು ಬಹುಮಟ್ಟಿಗೆ ಪಗಡೆಯ ಗರ ಬಿದ್ದಂತೆ.

ಇನ್ನು ವೈರಿಯ ಮಾತು. ಪಾಪಕ್ಕಾಗಲಿ ವೈರಕ್ಕಾಗಲಿ ಸಂಕಲ್ಪ ಬೇಡವೇ? ತನ್ನನ್ನು ಸಾಕುವ ದೇಹವನ್ನೇ ಕೊಂದು ಅದರೊಡನೆ ತಾನೂ ಸಾಯುವ ಕೋಶಕ್ಕೆ ನಾಳೆಯ ಯೋಚನೆ ಎಲ್ಲಿಯದು? 2011ರಲ್ಲಿ ವೆಮುರಾಫೆನಿಬ್ ಎಂಬ ಮಾತ್ರೆ ಬಂದಾಗ ಬಿರಾಫ್ ಬದಲಾದ ಗೆಡ್ಡೆಗಳು ಕರಗಿದವು. ಅನೇಕರಲ್ಲಿ ಕೆಲವೇ ತಿಂಗಳಲ್ಲಿ ಮರಳಿದವು. ಹತ್ತಿ ಹೊಲಕ್ಕೆ ಔಷಧಿ ಹೊಡೆದಾಗ ಸಾಯದೆ ಉಳಿದ ಹುಳುಗಳ ಸಂತಾನವೇ ಮುಂದೆ ಹೊಲ ತುಂಬುವುದನ್ನು ನಮ್ಮ ರೈತರು ಬಲ್ಲರು. ಇದೂ ಅದೇ. ರೋಗಿಯ ಧೈರ್ಯ ಕಮ್ಮಿಯಾಯಿತೆಂದಲ್ಲ.

ಹಾಗಾದರೆ ನಮ್ಮ ಹೊಣೆ ಏನೂ ಇಲ್ಲವೇ ಎಂದು ಕೇಳಬಹುದು. ಇದೆ. ಅಂಗಿ, ಕ್ರೀಮು, ಟೋಪಿ ಎಂದು ಈ ದೇಶ 1981ರಿಂದ ಹೇಳುತ್ತಲೇ ಬಂದಿದೆ. ನಮ್ಮ ಕ್ರಿಕೆಟ್ ವೀರರು ಟೋಪಿ ಮರೆಯದಿದ್ದರೆ ಒಳ್ಳೆಯದು. ಆದರೆ ಮುಂದಿನ ಎಚ್ಚರಿಕೆ ಬೇರೆ, ಹಿಂದಿನದಕ್ಕೆ ತಪ್ಪು ಹೊರಿಸುವುದು ಬೇರೆ. ನಮ್ಮಂಥ ಕಂದುಬಣ್ಣದವರಲ್ಲಿ ಮೆಲನೋಮ ಕಡಿಮೆ. ಬಂದರೆ ಬಿಸಿಲೇ ಕಾಣದ ಅಂಗಾಲಿನಲ್ಲಿ, ಉಗುರಿನಡಿಯಲ್ಲಿ ಬರುವುದುಂಟು. ಹಾಡುಗಾರ ಬಾಬ್ ಮಾರ್ಲಿಗೆ ಕಾಲ್ಬೆರಳಿನ ಉಗುರಿನಡಿ ಬಂದಿತ್ತು. 1981ರಲ್ಲಿ ತೀರಿಕೊಂಡಾಗ ಅವರಿಗೆ 36 ವರ್ಷ. ಯಾವ ಟೋಪಿ ತಡೆಯುತ್ತಿತ್ತು ಅದನ್ನು? ಬೇಗ ನೋಡಿದ್ದರೆ ಉಪಯೋಗವಾಗುತ್ತಿತ್ತೇನೋ. ಆದ್ದರಿಂದ ಮನೆಯಲ್ಲಿ ಬಗ್ಗಲಾಗದ ಅಜ್ಜ ಅಜ್ಜಿಯರಿದ್ದರೆ, ಅವರ ಅಂಗಾಲನ್ನು ಆಗಾಗ ನೀವೇ ಒಮ್ಮೆ ನೋಡಿಬಿಡಿ.