ನಗುವಿನ ಕೂಲಿ

ನಗಿಸಿ ದುಡ್ಡು ತಗೊಳ್ಳೋದು ತಪ್ಪೇ? ನಮ್ಮಲ್ಲಿ ನಾಲ್ಕಾರು ಮಂದಿ ಈಗ ಅಂತರ್ಜಾಲ ಪತ್ರಿಕೆಗಳಿಗೆ ನಗೆಬರಹ ಬರೆದು ರೂಮಿನ ಬಾಡಿಗೆ ಕಟ್ಟುತ್ತಿದ್ದೇವೆ. ಸಂಬಳವಿಲ್ಲ, ರಜೆಯಿಲ್ಲ. ಬರಹ ಹಿಡಿಸಿದರೆ ಕಾಸು, ಇಲ್ಲವಾದರೆ ಇಲ್ಲ. 'ಪೆನ್ನು ಮಾರಿಕೊಂಡಿರೇನ್ರಪ್ಪಾ?' ಅಂತ ಕೇಳುವ ಗೆಳೆಯರಿದ್ದಾರೆ. ಈ ಮಾತು ಮನೆಯಲ್ಲಿ ಗದ್ದೆಯಿದ್ದವರ ಬಾಯಲ್ಲಿ ಚೆಂದ. ನಮ್ಮವ್ವಂದಿರು ಕಳೆ ಕಿತ್ತು ಕೂಲಿಗೆ ಕೈ ಒಡ್ಡಿದಾಗ, ಕುಡುಗೋಲು ಮಾರಿಕೊಂಡೆಯಾ ಅಂತ ಯಾರೂ ಕೇಳಲಿಲ್ಲ.

ಕನ್ನಡದಲ್ಲಿ ನಗೆ ಅಂದಕೂಡಲೇ 'ಕೊರವಂಜಿ' ನೆನಪಾಗುತ್ತದೆ. 1942ರಲ್ಲಿ ಹುಟ್ಟಿ 1967ರವರೆಗೆ ನಡೆದ ಪತ್ರಿಕೆ. ಆರ್.ಕೆ. ಲಕ್ಷ್ಮಣ್ ಕೂಡ ಅದಕ್ಕೆ ಚಿತ್ರ ಬರೆದವರು. ಅದನ್ನು ಕಟ್ಟಿದ ರಾಶಿ, ಅಂದರೆ ಎಂ. ಶಿವರಾಂ, ವೈದ್ಯರು. ಅವರನ್ನು ಹಂಗಿಸಲು ಹೇಳುತ್ತಿಲ್ಲ, ದೊಡ್ಡ ಕೆಲಸ ಮಾಡಿದರು. ಆದರೆ ಅನ್ನಕ್ಕೆ ಬೇರೆ ದಾರಿಯಿದ್ದವರ ನಗೆಯೇ ಒಂದು, ನಗೆಯೇ ಅನ್ನವಾದವರದ್ದೇ ಇನ್ನೊಂದು. ಈ ಎರಡನೆಯ ಸಾಲಿನಲ್ಲಿ ನಮಗೆ ಹಿರಿಯರು ಹಗಲುವೇಷಗಾರರು. ಮುಖಕ್ಕೆ ಬಣ್ಣ ಬಳಿದು, ಮನೆಮನೆ ಮುಂದೆ ನಿಂತು, ಊರನ್ನು ನಗಿಸಿ, ಮೊರದಲ್ಲಿ ಕಾಳು ಪಡೆದವರು. ಅವರನ್ನು ಸಾಹಿತಿಗಳು ಅಂತ ಯಾರು ಕರೆದರು?

ಆದ್ದರಿಂದ ದುಡ್ಡಿನ ಪ್ರಶ್ನೆಗೆ ನಮ್ಮ ಉತ್ತರ ಸಲೀಸು: ಕೂಲಿ ಕೇಳಿ, ಗಟ್ಟಿಯಾಗಿ ಕೇಳಿ. 'ನಿಮಗೆ ಹೆಸರು ಬರುತ್ತದಲ್ಲಾ' ಅನ್ನುವವರಿಗೆ, ಹೆಸರನ್ನು ಅಂಗಡಿಯವ ತೂಗಿ ಅಕ್ಕಿ ಕೊಡಲ್ಲ ಅಂತ ಹೇಳಿ.

ಕಷ್ಟವಿರುವುದು ಬೇರೆ ಕಡೆ. ಯಾರನ್ನು ನೋಡಿ ನಗಿಸಬೇಕು? ಎಷ್ಟು ಬೆರಳು ಒತ್ತಿದವು ಅಂತ ಎಣಿಸಿ ಬೆಲೆ ಕಟ್ಟುವ ಸಂತೆಯಿದು. ಅಲ್ಲಿ ಬೇಗ ಬಿಕರಿಯಾಗುವುದು ಹಳೇ ಸರಕು: ಮೀಸಲಾತಿ ಡಾಕ್ಟರ ಜೋಕು, ಕಪ್ಪು ಹೆಂಡತಿಯ ಜೋಕು, ಹಳ್ಳಿಯವನ ಇಂಗ್ಲಿಷಿನ ಜೋಕು. 'ತಮಾಷೆಗಪ್ಪಾ, ಅಷ್ಟು ಸೀರಿಯಸ್ಸಾಗಿ ತಗೋಬೇಡಿ' ಅಂತಾರೆ. ನಾವು ಕಾಲೇಜಿನಲ್ಲಿ ಕೇಳಿ ತಲೆ ತಗ್ಗಿಸಿದ ಜೋಕನ್ನೇ ಇಂದು ನಮ್ಮ ಕೈಯಿಂದಲೇ ಬರೆಸಿ ಕಾಸು ಕೊಡುತ್ತಾರೆ. ಹಸಿದವನು ಬರೆದುಕೊಟ್ಟರೆ ಅವನನ್ನು ಬಯ್ಯಲು ನಮಗೆ ನಾಲಿಗೆ ಏಳದು. ಆದರೆ ಅದು ಕೂಲಿಯಲ್ಲ, ಬಿಟ್ಟಿ ಚಾಕರಿಯ ಮುಂದುವರಿಕೆ.

1949ರಲ್ಲಿ ಶಂಕರ್ ಒಂದು ವ್ಯಂಗ್ಯಚಿತ್ರ ಬರೆದರು. ಸಂವಿಧಾನವೆಂಬ ಬಸವನಹುಳುವಿನ ಮೇಲೆ ಅಂಬೇಡ್ಕರ್, ಹಿಂದೆ ಚಾವಟಿ ಎತ್ತಿದ ನೆಹರೂ. ಅದು ಹನ್ನೊಂದನೇ ತರಗತಿಯ ಪಠ್ಯಪುಸ್ತಕಕ್ಕೆ ಬಂದು 2012ರಲ್ಲಿ ಸಂಸತ್ತಿನಲ್ಲಿ ಗದ್ದಲವೆದ್ದಿತು. ಚಾವಟಿ ಹುಳುವಿಗೆ, ಬಾಬಾಸಾಹೇಬರಿಗಲ್ಲ ಅಂತ ಬಲ್ಲವರು ವಾದಿಸಿದರು. ಇರಬಹುದು. ಬೆನ್ನಿನ ಬಾಸುಂಡೆ ಮರೆಯದವರಿಗೆ ಚಾವಟಿ ಮೊದಲು ಕಾಣುತ್ತದೆ, ಹುಳು ಆಮೇಲೆ. ಹಾಗಂತ ಚಿತ್ರವನ್ನು ಹರಿದರೆ ಸಾಕೇ? ಉನ್ನಮತಿ ಶ್ಯಾಮಸುಂದರ್ ಬೇರೆ ದಾರಿ ಹಿಡಿದರು. ಅಂಬೇಡ್ಕರರನ್ನು ಕುರಿತ ಆ ಕಾಲದ ವ್ಯಂಗ್ಯಚಿತ್ರಗಳನ್ನು ನೂರಕ್ಕೂ ಹೆಚ್ಚು ಹುಡುಕಿ ತಂದು, ನಗುತ್ತಿದ್ದವರ ಮುಖಕ್ಕೇ ಪುಸ್ತಕವಾಗಿ ಹಿಡಿದರು. ಅವರೂ ವ್ಯಂಗ್ಯಚಿತ್ರಕಾರರೇ.

ನಮ್ಮ ಕೇರಿಗಳಲ್ಲಿ ನಗುವಿಗೆ ಯಾವತ್ತೂ ಬರವಿರಲಿಲ್ಲ. ಗೌಡರ ಕೆಮ್ಮು, ಶಾನುಭೋಗರ ನಡಿಗೆ, ನಮ್ಮದೇ ಯಜಮಾನರ ಜಂಬ, ಎಲ್ಲವನ್ನೂ ಅಜ್ಜಿಯರು ರಾತ್ರಿ ಆಡಿ ತೋರಿಸುತ್ತಿದ್ದರು. ಬಾಗಿಲು ಮುಚ್ಚಿಕೊಂಡು. ಆ ಸರಕಿಗೆ ಈಗ ಬಾಗಿಲು ತೆಗೆದಿದೆ. ಅದನ್ನು ಬರೆದರೆ ಬೆಲೆ ಕಡಿಮೆ, ಬೈಗುಳ ಜಾಸ್ತಿ. ಆದರೂ ಬರೆಯುತ್ತಿದ್ದೇವೆ.

ಇನ್ನೊಂದು ಮಾತು, ಬರೆಯಲು ಹೊರಟ ತಮ್ಮತಂಗಿಯರಿಗೆ. ಕರಾರು ಓದದೆ ಸಹಿ ಹಾಕಬೇಡಿ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಹಕ್ಕು ಬಿಟ್ಟುಕೊಡುವುದು ಬರಹದಲ್ಲೇ ಆಗಬೇಕು. ಎಷ್ಟು ಕಾಲಕ್ಕೆ ಅಂತ ಕರಾರು ಹೇಳದಿದ್ದರೆ ಅದು 5 ವರ್ಷಕ್ಕೆ ಮಾತ್ರ. ಶಾಶ್ವತವಾಗಿ ಅಂತ ಬರೆಸಿಕೊಂಡರೆ ಹೋಯಿತು. ವೇಷಗಾರ ಈ ಊರಲ್ಲಿ ನಗಿಸಿದ ಮಾತನ್ನೇ ಮುಂದಿನ ಊರಲ್ಲೂ ಆಡಿ ಕಾಳು ಪಡೆಯುತ್ತಿದ್ದ. ಮೊರ ಹಿಡಿದ ಯಾವ ಗೌಡನೂ ಅವನ ಬಾಯಿಯನ್ನು ಬರೆಸಿಕೊಂಡಿರಲಿಲ್ಲ.