ಹತ್ತು ಹೊರಗೆ, ಹದಿನಾಲ್ಕು ಒಳಗೆ

ಅಮ್ಮನ ಒಂದು ನೋಟ್‌ಬುಕ್ ನನ್ನ ಹತ್ತಿರ ಇದೆ. ಶಾಲೆ ಮಕ್ಕಳು ಬರೆಯುವಂಥದು, ನೂರು ಪುಟದ್ದು. ಮೊದಲ ಪುಟದಲ್ಲಿ 1974ರ ಭಾದ್ರಪದ ಎಂದು ಬರೆದು, ಕೆಳಗೆ ಹತ್ತು ಹೆಸರು ಸಾಲಾಗಿ ಇಳಿಸಿದ್ದಾರೆ: ಕ್ಷೇತ್ರ, ವಾಸ್ತು, ಹಿರಣ್ಯ, ಸುವರ್ಣ, ಧನ, ಧಾನ್ಯ, ದಾಸಿ, ದಾಸ, ಕುಪ್ಯ, ಭಾಂಡ. ಹೊಲ, ಮನೆ, ಬೆಳ್ಳಿ, ಬಂಗಾರ, ದನಕರು, ದವಸ, ಆಳುಕಾಳು, ಬಟ್ಟೆಬರೆ, ಪಾತ್ರೆಪಡಗ. ಸಂಸಾರದಲ್ಲಿದ್ದುಕೊಂಡೇ ಪರಿಗ್ರಹ ಪರಿಮಾಣ ವ್ರತ ಹಿಡಿಯುವ ಜೈನರು ಮಿತಿ ಹಾಕಿಕೊಳ್ಳಬೇಕಾದ ಹೊರಗಿನ ಹತ್ತು ಪರಿಗ್ರಹಗಳು ಇವು. ಆ ವರ್ಷ ಮೂಡುಬಿದಿರೆಯ ಕಡೆ ವಿಹಾರ ಬಂದಿದ್ದ ಮುನಿಗಳ ಎದುರು ಅಮ್ಮ ಅಣುವ್ರತ ತೆಗೆದುಕೊಂಡಿದ್ದರು. ದಾಸಿ, ದಾಸ ಎಂಬ ಎರಡರ ಮುಂದೆ ಅಡ್ಡಗೆರೆ. ಕುಪ್ಯದ ಮುಂದೆ 'ಸೀರೆ 22'. ಭಾಂಡದ ಮುಂದೆ ಪುಟ ತುಂಬ ಪಟ್ಟಿ: ಕಂಚಿನ ಬಟ್ಟಲು 12, ಹಿತ್ತಾಳೆ ಕೊಡಪಾನ 4, ತಾಮ್ರದ ಹಂಡೆ 1, ಚೆಂಬು 6, ಸೌಟು 5.

ದಶಲಕ್ಷಣ ಪರ್ವದ ಒಂಬತ್ತನೆಯ ದಿನ ಉತ್ತಮ ಆಕಿಂಚನ್ಯ. ನನ್ನದೆಂಬುದು ಏನೂ ಇಲ್ಲ ಎಂದು ನೆನೆಯುವ ದಿನ. ಬಸದಿಯಿಂದ ಬಂದು ಅಮ್ಮ ಆ ಪುಸ್ತಕ ಬಿಚ್ಚುತ್ತಿದ್ದರು. ಪೆಟ್ಟಿಗೆಯ ಸೀರೆಗಳನ್ನು ಚಾಪೆಯ ಮೇಲೆ ಹರವಿ ಎಣಿಸುತ್ತಿದ್ದರು. ಹಳೆಯ ಅಂಕಿಯ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಹೊಸದನ್ನು ಬರೆಯುತ್ತಿದ್ದರು. 22, 18, 15, 9. ಒಂದು ಸಲವೂ ಅಂಕಿ ಮೇಲೆ ಹೋಗಿಲ್ಲ. ಅವರು ತೀರಿಕೊಂಡದ್ದು 2009ರಲ್ಲಿ. ಕೊನೆಯ ಪುಟದಲ್ಲಿ ಸೀರೆಯ ಮುಂದೆ 4 ಎಂದಿದೆ.

ಆ ಪುಸ್ತಕವನ್ನು ಮತ್ತೆ ತೆಗೆದದ್ದು ಕಳೆದ ವರ್ಷ, ಮಗ ಸೊಸೆ ಬೆಂಗಳೂರಿನಲ್ಲಿ ಫ್ಲಾಟ್ ಕೊಂಡಾಗ. ಇಂಟೀರಿಯರ್ ಮಾಡುವ ಹುಡುಗಿ ಲ್ಯಾಪ್‌ಟಾಪ್ ತೆರೆದು ನಮ್ಮನ್ನೆಲ್ಲ ಕೂರಿಸಿಕೊಂಡಳು. ಇನ್ನೂ ಇಲ್ಲದ ಮನೆಯೊಳಗೆ ಅವಳು ನಮ್ಮನ್ನು ಓಡಾಡಿಸಿದ ರೀತಿಗೆ ನಾನು ಬೆರಗಾದೆ. ಹಾಲ್‌ನ ತುಂಬ ಜಿಪ್ಸಂ ಫಾಲ್ಸ್ ಸೀಲಿಂಗ್, ಅದರ ಅಂಚಿನಲ್ಲಿ ಅಡಗಿಸಿದ ದೀಪಗಳು. ಬಾಗಿಲ ಬಳಿ ಚಪ್ಪಲಿ ಸ್ಟ್ಯಾಂಡಿನ ಮೇಲೆ ಬುದ್ಧನ ತಲೆ. ಟಿವಿಯ ಪಕ್ಕ ಬೆಳಕು ಬಿಟ್ಟ ಗಾಜಿನ ಗೂಡು, ಅದರಲ್ಲಿ ಒಂದಡಿ ಎತ್ತರದ ಗೊಮ್ಮಟ. "ನೀವು ಜೈನರಲ್ವಾ ಆಂಟಿ, ಅದಕ್ಕೇ ಹಾಕಿದೆ" ಎಂದಳು. ಪ್ರತಿ ಕೋಣೆಯಲ್ಲೂ ವಾರ್ಡ್‌ರೋಬಿನ ಮೇಲೆ ಸೂರಿನವರೆಗೂ ಲಾಫ್ಟ್. "ಒಂದಿಂಚೂ ವೇಸ್ಟ್ ಆಗಲ್ಲ."

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮನೆಯನ್ನು ಚೆಂದ ಮಾಡಿಕೊಳ್ಳುವುದು ಪರಿಗ್ರಹವೇ? ಹೌದು ಎನ್ನಲು ನನಗೆ ಬಾಯಿ ಬರುವುದಿಲ್ಲ. ನಾನು ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ನೆರಳಲ್ಲಿ ಬೆಳೆದವಳು. 1430ರ ಹೊತ್ತಿಗೆ ಎದ್ದ ಆ ಬಸದಿಯಲ್ಲಿ ಒಂದು ಕಂಬದಂತೆ ಇನ್ನೊಂದಿಲ್ಲ ಎನ್ನುತ್ತಾರೆ; ಚಿಕ್ಕಂದಿನಲ್ಲಿ ನಾವು ಜೋಡಿ ಹುಡುಕುತ್ತಾ ಎಷ್ಟೋ ಮಧ್ಯಾಹ್ನ ಕಳೆದಿದ್ದೇವೆ. ಏನನ್ನೂ ಇಟ್ಟುಕೊಳ್ಳಬೇಡಿ ಎಂದು ಹೇಳುವ ಧರ್ಮವೇ ಕಲ್ಲಿನಲ್ಲಿ ಅಷ್ಟು ಚೆಲುವನ್ನು ಕಡೆಸಿತಲ್ಲ! ಚೆಲುವೇ ದೋಷವಾಗಿದ್ದರೆ ಬಸದಿಯೊಳಗಿನ ಚಂದ್ರನಾಥ ತೀರ್ಥಂಕರ ಅಲ್ಲಿ ನಿಲ್ಲುತ್ತಿರಲಿಲ್ಲ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವನ್ನು ವಿವರಿಸಲು ಬಳಸಿದ್ದು ಒಂದೇ ಒಂದು ಪದ: ಮೂರ್ಛೆ. ಶಾಸ್ತ್ರದಲ್ಲಿ ಅದಕ್ಕೆ ಮಮಕಾರ ಎಂದು ಅರ್ಥ ಹೇಳುತ್ತಾರೆ. ಆದರೆ ಕನ್ನಡದ ಕಿವಿಗೆ ಮೂರ್ಛೆ ಎಂದರೆ ಪ್ರಜ್ಞೆ ತಪ್ಪಿ ಬೀಳುವುದು. ನನಗೆ ಈ ಎರಡನೆಯ ಅರ್ಥವೇ ಹೆಚ್ಚು ದಾರಿ ತೋರಿಸಿದೆ. ಪರಿಗ್ರಹ ವಸ್ತುವಿನಲ್ಲಿಲ್ಲ, ಅದರೆದುರು ನಾನು ಎಚ್ಚರ ತಪ್ಪುವುದರಲ್ಲಿದೆ. ಅದಕ್ಕೇ ಹೊರಗಿನ ಹತ್ತರ ಜೊತೆ ಒಳಗಿನ ಹದಿನಾಲ್ಕನ್ನೂ ಹೇಳಿದ್ದಾರೆ: ಮಿಥ್ಯಾತ್ವ, ಕ್ರೋಧ, ಮಾನ, ಮಾಯೆ, ಲೋಭ, ಹಾಸ್ಯ, ರತಿ, ಅರತಿ, ಶೋಕ, ಭಯ, ಜುಗುಪ್ಸೆ, ಕಾಮದ ಮೂರು ಬಗೆ. ಇದು ಚೆನ್ನ ಎನ್ನುವ ರತಿ, ಅದನ್ನು ಸಹಿಸಲಾರೆ ಎನ್ನುವ ಅರತಿ. ಮನೆಯ ಒಳಾಂಗಣದ ಮಾತೆಲ್ಲ ಈ ಎರಡರ ನಡುವೆಯೇ ತಾನೇ ನಡೆಯುವುದು?

ಮೂರ್ಛೆ ಹೇಗಿರುತ್ತದೆ ಎಂದು ನನಗೆ ಗೊತ್ತಾದದ್ದು ಇದೇ ಮನೆಯ ಕೆಲಸದ ನಡುವೆ. ನನ್ನ ತವರಿನ ಚಾವಡಿಯಲ್ಲಿ ನಾಲ್ಕು ಹಲಸಿನ ಕಂಬಗಳಿದ್ದವು. ಬುಡ ಚೌಕ, ನಡು ದುಂಡು, ತಲೆಗೆ ಬಾಳೆಹೂವಿನ ಕೆತ್ತನೆ. 1998ರಲ್ಲಿ ಪಾಲಾಗಿ ಮನೆ ಬಿಚ್ಚಿದಾಗ ಕಂಬಗಳು ಹಳೇ ಮರದ ವ್ಯಾಪಾರಿಯ ಲಾರಿ ಹತ್ತಿದವು. ಸೋಫಾ ನೋಡಲೆಂದು ಬೆಂಗಳೂರಿನ ಒಂದು ಅಂಗಡಿಗೆ ಹೋದಾಗ, ಹಿಂದಿನ ಗೋದಾಮಿನ ಗೋಡೆಗೆ ಅಂಥದೇ ಒಂದು ಕಂಬ ಒರಗಿತ್ತು. ನನ್ನ ಕಾಲು ಅಲ್ಲೇ ನಿಂತಿತು. ಹತ್ತಿರ ಹೋಗಿ ಕೈಯಾಡಿಸಿದೆ. ನಮ್ಮ ಕಂಬದ ಎಡಮೈಯಲ್ಲಿ, ಸೊಂಟದೆತ್ತರಕ್ಕೆ, ಕರುವಿನ ಹಗ್ಗ ಉಜ್ಜಿ ಉಜ್ಜಿ ಬೆರಳು ಕೂರುವಷ್ಟು ತಗ್ಗು ಬಿದ್ದಿತ್ತು. ಆ ತಗ್ಗಿಗಾಗಿ ಕತ್ತಲಲ್ಲಿ ಹುಡುಕುವವಳಂತೆ ಹುಡುಕಿದೆ. ಸಿಗಲಿಲ್ಲ. ಬೇರೆ ಯಾರದೋ ಚಾವಡಿಯ ಕಂಬ. ಆದರೂ ಬೆಲೆ ಕೇಳಿದೆ. 48,000 ಎಂದರು. ಮಗ "ತಗೊಳ್ಳೋಣ ಅಮ್ಮ, ಹಾಲ್ ಮೂಲೆಗೆ ಚೆನ್ನಾಗಿರುತ್ತೆ" ಅಂದ. ಮೂರು ದಿನ ಊಟದಲ್ಲಿ, ಸಾಮಾಯಿಕಕ್ಕೆ ಕೂತಾಗ, ಬಸ್ಸಿನಲ್ಲಿ, ಆ ಕಂಬವೇ ನನ್ನೆದುರು ನಿಂತಿತ್ತು.

ನಾಲ್ಕನೆಯ ದಿನ ಒಂದು ಸಾದಾ ಸಂಗತಿ ಹೊಳೆಯಿತು. ಫ್ಲಾಟಿನ ಸೂರು ಕಾಂಕ್ರೀಟಿನ ಮೇಲೆ ನಿಂತಿದೆ. ಈ ಕಂಬ ಅಲ್ಲಿ ಏನನ್ನೂ ಹೊರುವುದಿಲ್ಲ. ಬಸದಿಯ ಕಂಬಕ್ಕೂ ತವರಿನ ಕಂಬಕ್ಕೂ ಚೆಲುವಿದ್ದದ್ದು ಮಾಡನ್ನು ಹೊತ್ತಿದ್ದರಿಂದ. ಕೆತ್ತನೆ ಆ ಭಾರಕ್ಕೆ ಸಲ್ಲಿಸಿದ ಮರ್ಯಾದೆ. ಭಾರ ಇಳಿಸಿ ಮೂಲೆಗೆ ನಿಲ್ಲಿಸಿದರೆ ಅದು ಹೊರುವುದು ನನ್ನ ಮಮಕಾರವನ್ನು ಮಾತ್ರ. ಬೇಡವೆಂದು ಹೇಳಿಕಳಿಸಿದೆ.

ಆಮೇಲೆ ಇಂಟೀರಿಯರ್ ಹುಡುಗಿಯ ನಕ್ಷೆಯನ್ನು ಬೇರೆ ಕಣ್ಣಿನಿಂದ ನೋಡಿದೆ. ಬುದ್ಧನ ತಲೆ ಯಾಕೆ ಅಷ್ಟು ಚುಚ್ಚಿತ್ತು ಎಂದು ತಿಳಿಯಿತು. ಬರೀ ತಲೆಯ ಬುದ್ಧನನ್ನು ಬೌದ್ಧ ವಿಹಾರಗಳಲ್ಲಿ ಸಾಮಾನ್ಯವಾಗಿ ಪೂಜೆಗೆಂದು ಕಡೆಯುವುದಿಲ್ಲ. ಬೊರೊಬುದುರಿನಲ್ಲಿ, ಚೀನಾದ ಲಾಂಗ್‌ಮೆನ್ ಗುಹೆಗಳಲ್ಲಿ ಕಳ್ಳರು ವಿಗ್ರಹಗಳ ಕೊರಳು ಕತ್ತರಿಸಿ ತಲೆ ಸಾಗಿಸಿದರು. ಇಂದು ಅಂಗಡಿಯಲ್ಲಿ ಸಿಗುವುದು ಪಿಂಗಾಣಿಯದೋ ಫೈಬರಿನದೋ ಇರಬಹುದು, ಆದರೆ ಆ ಆಕಾರ ಹುಟ್ಟಿದ್ದು ಕೊರಳು ಕತ್ತರಿಸಿದ್ದರಿಂದ. ನಮ್ಮ ತೀರ್ಥಂಕರರ ತಲೆಯನ್ನು ಯಾರಾದರೂ ಹಾಗೆ ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟರೆ ನಾನು ಸಹಿಸುವೆನೇ?

ಗೊಮ್ಮಟನ ಮಾತು ಇನ್ನೂ ಕಷ್ಟದ್ದು, ಯಾಕೆಂದರೆ ಅವನು ನಮ್ಮವನು. 2018ರ ಮಹಾಮಸ್ತಕಾಭಿಷೇಕಕ್ಕೆ ನಾನು ವಿಂಧ್ಯಗಿರಿ ಹತ್ತಿದ್ದೆ. ಬರಿಗಾಲಲ್ಲಿ ಆ ಬಂಡೆಯ ಮೆಟ್ಟಿಲು ಹತ್ತಿ ಮೇಲೆ ಹೋದರೆ 58 ಅಡಿಯ ಬಾಹುಬಲಿ, ತಲೆಯ ಮೇಲೆ ಆಕಾಶ ಮಾತ್ರ. ಚಾವುಂಡರಾಯ ಸಾವಿರ ವರ್ಷದ ಹಿಂದೆ ಅವನಿಗೆ ಸೂರು ಕಟ್ಟಿಸಲಿಲ್ಲ. ಗೆದ್ದ ರಾಜ್ಯವನ್ನೇ ಬಿಟ್ಟು ನಿಂತವನು, ಬಳ್ಳಿ ಹಬ್ಬಿದರೂ ಅಲುಗದವನು. ಅವನನ್ನು ಟಿವಿಯ ಪಕ್ಕದ ಗಾಜಿನ ಗೂಡಿನಲ್ಲಿ ವಾರಕ್ಕೊಮ್ಮೆ ಧೂಳು ಒರೆಸುವ ಅಲಂಕಾರ ಮಾಡುವುದೆಂದರೆ, ಅವನು ಬಿಟ್ಟದ್ದರ ನಡುವೆಯೇ ಅವನನ್ನು ಕೂಡಿಹಾಕಿದ ಹಾಗೆ. ದೇವರ ಕೋಣೆಯಲ್ಲಿ ನಿತ್ಯ ಕೈಮುಗಿಯುವುದಾದರೆ ಇರಲಿ, ಅಂಗೈಯಗಲದ ಮೂರ್ತಿ ಸಾಕು. ನೋಡುವುದಕ್ಕಷ್ಟೇ ಆದರೆ ಬೇಡ.

ಹುಡುಗಿ ನೊಂದುಕೊಳ್ಳಲಿಲ್ಲ. "ಹಾಗಾದರೆ ಏನು ಬೇಕು ಹೇಳಿ ಆಂಟಿ" ಎಂದು ಪೆನ್ನು ತೆಗೆದಳು. ಬೇಕಾದದ್ದು ನನಗೆ ಗೊತ್ತಿತ್ತು. ಪಶ್ಚಿಮದ ಕಿಟಕಿಗೆ ಅವಳು ನಕ್ಷೆಯಲ್ಲಿ ಟಿವಿ ಗೋಡೆ ಅಡ್ಡ ಹಾಕಿದ್ದಳು. ಅದನ್ನು ಬಿಡಿಸಿ ಊಟದ ಮೇಜನ್ನು ಆ ಕಿಟಕಿಯ ಪಕ್ಕಕ್ಕೆ ತರಲು ಹೇಳಿದೆ. ನಾವು ಸೂರ್ಯ ಮುಳುಗುವುದರೊಳಗೆ ಉಣ್ಣುವವರು. ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಆರರ ಹೊತ್ತಿಗೆಲ್ಲ ಸೂರ್ಯ ಮುಳುಗುತ್ತಾನೆ. ಕೊನೆಯ ಬೆಳಕು ತಟ್ಟೆಯ ಮೇಲೆ ಬೀಳಬೇಕು. ತವರಿನ ಅಡುಗೆಮನೆಯಲ್ಲಿ ಹೆಂಚಿನ ಸಾಲಿನ ನಡುವೆ ಎರಡು ಗಾಜಿನ ಹೆಂಚಿದ್ದವು. ಬೆಳಕಿನ ಚೌಕ ಒಲೆಯಿಂದ ಸರಿದು ಬಾಗಿಲ ಹತ್ತಿರ ಬಂದರೆ ಅಮ್ಮ ಎಲೆ ಹಾಕುತ್ತಿದ್ದರು. ಗಡಿಯಾರ ನೋಡಿದ್ದನ್ನು ನಾನು ಕಂಡಿಲ್ಲ.

ಎರಡನೆಯದು, ಸಂದುಗಳು. ಸಿಂಕಿನ ಕೆಳಗೆ ಪೈಪು ಹೊಕ್ಕ ತೂತು, ಗ್ರಾನೈಟ್ ಕಟ್ಟೆಗೂ ಗೋಡೆಗೂ ನಡುವಿನ ಬಿರುಕು, ಸ್ಕರ್ಟಿಂಗಿನ ಹಿಂದಿನ ಎಡೆ, ಎಲ್ಲವನ್ನೂ ಸಿಮೆಂಟು ಹಾಕಿ ಮುಚ್ಚಬೇಕು. ಪ್ರತಿ ಕಿಟಕಿಗೂ ಸೊಳ್ಳೆ ಜಾಲರಿ ಬೇಕು. ಮೊದಲು ಜಿರಲೆ ಇರುವೆಗೆ ಮನೆ ಮಾಡಿಕೊಟ್ಟು, ಆಮೇಲೆ ತಿಂಗಳಿಗೊಮ್ಮೆ ಔಷಧಿ ಹೊಡೆದು ಕೊಲ್ಲುವುದು ಎಂಥ ಬಾಳು? ಅಹಿಂಸೆಯ ಅರ್ಧ ಪಾಲು ಗಾರೆಯವನ ಕೈಯಲ್ಲಿದೆ. ಫಾಲ್ಸ್ ಸೀಲಿಂಗ್ ಬೇಡವೆಂದದ್ದೂ ಇದೇ ಕಾರಣಕ್ಕೆ. ನೆಂಟರೊಬ್ಬರ ಮನೆಯಲ್ಲಿ ದೀಪ ಕೆಟ್ಟು ಎಲೆಕ್ಟ್ರಿಷಿಯನ್ ಏಣಿ ಹತ್ತಿದಾಗ ಆ ಅಂಚಿನೊಳಗಿಂದ ಬಾಚಿ ತೆಗೆದದ್ದನ್ನು ನೋಡಿದ್ದೇನೆ. ಒಂದು ಮೊರದಷ್ಟು ಸತ್ತ ಹುಳು. ಕೆಳಗೆ ಕೂತವರಿಗೆ ಅದು ಹಾಲಿನಂಥ ಬೆಳಕು.

ರೇಷ್ಮೆ ದಿಂಬು ಬೇಡ, ಚರ್ಮದ ಸೋಫಾ ಬೇಡ ಎಂದೆ. ಮೊದಲನೆಯದಕ್ಕೆ ಒಪ್ಪಿದರು. ಸೋಫಾಕ್ಕೆ ಮಗ ಆಗಲೇ ಮುಂಗಡ ಕೊಟ್ಟಿದ್ದ, ಅದು ಬಂತು. ನಾನು ಅದರ ಮೇಲೆ ಕೂರುವುದಿಲ್ಲ. ಅವನು ಕೂರು ಎನ್ನುವುದಿಲ್ಲ. ಇದಿನ್ನೂ ನಮ್ಮಿಬ್ಬರ ನಡುವೆ ಬಗೆಹರಿದಿಲ್ಲ.

ಸೊಸೆ ರಾತ್ರಿ ಮಲಗುವ ಮುಂಚೆ ಫೋನಿನಲ್ಲಿ ಊರವರ ಮನೆಯ ಚಿತ್ರಗಳನ್ನು ನೋಡುತ್ತಿದ್ದಳು. ಒಂದು ದಿನ "ಅತ್ತೆ, ಎಷ್ಟು ನೋಡಿದರೂ ನಮ್ಮದು ಸಾಲದು ಅನ್ನಿಸುತ್ತೆ" ಎಂದಳು. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಪರಿಗ್ರಹ ಪರಿಮಾಣ ವ್ರತಕ್ಕೆ ಐದು ಅತಿಚಾರ, ಅಂದರೆ ವ್ರತಕ್ಕೆ ತಗಲುವ ದೋಷ, ಹೇಳುತ್ತಾರೆ, ಅವುಗಳಲ್ಲಿ ಒಂದು ವಿಸ್ಮಯ. ಇನ್ನೊಬ್ಬರಿಗೆ ಸಿಕ್ಕಿದ್ದನ್ನು ಕಂಡು ಬೆರಗಾಗಿ ಒಳಗೇ ಕುದಿಯುವುದು. ಏನನ್ನೂ ಕೊಳ್ಳದೆಯೂ ವ್ರತ ಕೆಡಬಹುದು ಎಂದು ಅವರು ಅಂದೇ ಕಂಡಿದ್ದರು. ಈ ವ್ರತಕ್ಕೆ ಇಚ್ಛಾಪರಿಮಾಣ ಎಂಬ ಹೆಸರೂ ಇದೆ ಎಂದು ಅವಳಿಗೆ ಹೇಳಿದೆ. ವಸ್ತುವಿಗಿಂತ ಮೊದಲು ಆಸೆಗೆ ಅಳತೆ.

ಹಾಗೆಂದು ಖಾಲಿ ಮನೆಯೇ ಧರ್ಮದ ಮನೆ ಎಂದು ನಾನು ಹೇಳುತ್ತಿಲ್ಲ. ಮಗನ ಗೆಳೆಯನ ಮನೆಗೆ ಹೋಗಿದ್ದೆವು. ಬಿಳೀ ಗೋಡೆ, ಹಿಡಿಕೆ ಕಾಣದ ಕಪಾಟು, ಒಂದು ಚೆಂಬೂ ಕಣ್ಣಿಗೆ ಬೀಳದು. ನೀರು ಕುಡಿದ ಲೋಟವನ್ನು ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದು ಕೂತಿದ್ದೆ. ಆ ಖಾಲಿತನವನ್ನು ಕಾಯಲು ಆ ದಂಪತಿ ಪಡುವ ಪಾಡು ನೋಡಿ ಮರುಕವಾಯಿತು. ಅದೂ ಮೂರ್ಛೆಯೇ. ಅಜ್ಜನ ಮನೆಯ ಅಟ್ಟ ತುಂಬಿ ತುಳುಕುತ್ತಿತ್ತು: ಇನ್ನೂರು ಜನಕ್ಕೆ ಬೇಯಿಸುವ ಕಡಾಯಿ, ಚಾಪೆಯ ಸುರುಳಿಗಳು, ದೊಡ್ಡ ಸೌಟುಗಳು. ಆದರೆ ಸುತ್ತಿನ ಪ್ರತಿ ಮದುವೆಗೂ ಅವು ಅಟ್ಟದಿಂದ ಇಳಿಯುತ್ತಿದ್ದವು. ಕಡಾಯಿಗೆ ಯಾರ ಹೆಸರೂ ಇರಲಿಲ್ಲ.

ಲಾಫ್ಟಿನ ವಿಷಯಕ್ಕೆ ಬಂದಾಗ ನಾನು ಮಗನಿಗೆ ಹೇಳಿದ್ದು ಇಷ್ಟೇ: ಮೊದಲು ಬಾಡಿಗೆ ಮನೆಯ ಲಾಫ್ಟ್ ಇಳಿಸು. ಭಾನುವಾರ ಮೂವರೂ ಕೂತೆವು. ಪಟ್ಟಿ ಬರೆದವಳು ಸೊಸೆ. ರಟ್ಟು ಬಿಚ್ಚದ ಡಿನ್ನರ್ ಸೆಟ್ 3, ಹಾಟ್‌ಬಾಕ್ಸ್ 7, ಗೋಡೆ ಗಡಿಯಾರ 5, ಕೆಟ್ಟ ಮಿಕ್ಸಿ 2, ಯಾವುದಕ್ಕೆ ಸೇರಿದ್ದೆಂದು ಗೊತ್ತಿಲ್ಲದ ಚಾರ್ಜರ್ 19. ಆರು ವರ್ಷದಿಂದ ಯಾರೂ ಹುಡುಕದ ವಸ್ತುಗಳು. ಮಗ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಹುಡುಗಿಗೆ ಫೋನ್ ಮಾಡಿ, ಪ್ರಯಾಣದ ಪೆಟ್ಟಿಗೆಗಳಿಗೆಂದು ಒಂದು ಲಾಫ್ಟ್ ಉಳಿಸಿ ಮಿಕ್ಕಿದ್ದನ್ನೆಲ್ಲ ತೆಗೆಸಿದ.

ಮನೆ ಕಟ್ಟಿಸುವವರಲ್ಲಿ, ಒಳಗಿನ ಕೆಲಸಕ್ಕೆ ನಕ್ಷೆ ಹಾಕಿಸುವವರಲ್ಲಿ ನನ್ನ ಬೇಡಿಕೆಯೂ ಅದೇ. ನಕ್ಷೆಗೆ ಒಪ್ಪಿಗೆ ಕೊಡುವ ಮುಂಚೆ ಒಂದು ಭಾನುವಾರ ಈಗಿರುವ ಮನೆಯ ಅಟ್ಟ ಇಳಿಸಿ, ಪುಸ್ತಕದಲ್ಲಿ ಬರೆದು ಎಣಿಸಿ. ಹೊಸ ಅಟ್ಟದ ಮಾತು ಆಮೇಲೆ ಆಡಿ.