ಬಂಧನವೂ ಉಪೇಕ್ಷೆಯೂ

ಸ್ವತಂತ್ರನಾದ ಮನುಷ್ಯನು ರೋಗಪೀಡಿತನಾದರೆ ವೈದ್ಯನ ಬಾಗಿಲನ್ನು ತಾನೇ ತಟ್ಟಬಲ್ಲನು. ಸೆರೆಯಾಳಿಗೆ ಅದು ಸಾಧ್ಯವಿಲ್ಲ; ಅವನನ್ನು ಬಂಧಿಸಿದವರೇ ಅವನ ಪ್ರಾಣಕ್ಕೂ ಹೊಣೆಗಾರರು. ಅಮೆರಿಕಾದ ಸರ್ವೋಚ್ಚ ನ್ಯಾಯಾಲಯವು ಈ ತತ್ತ್ವವನ್ನು 1976ರಲ್ಲಿ ಅಂಗೀಕರಿಸಿತು. ಇಂಡಿಯಾನಾ ಪ್ರಾಂತದ ಟೆರ ಹೋಟ್ ಎಂಬಲ್ಲಿಯ ಕೇಂದ್ರಸರ್ಕಾರದ ಕಾರಾಗೃಹದಲ್ಲಿ ಉಬ್ಬಸರೋಗದ ಬಂದಿಯೊಬ್ಬನು ಮೃತನಾಗಲು, ತಕ್ಕ ಚಿಕಿತ್ಸೆ ದೊರೆಯಲಿಲ್ಲವೆಂದು ಅವನ ತಾಯಿಯು ನ್ಯಾಯಾಲಯದ ಮೆಟ್ಟಿಲೇರಿದಳು. ಅಧಿಕಾರಿಗಳ ಮೇಲೆಯೇ ಪರಿಹಾರಕ್ಕಾಗಿ ದಾವೆ ಹೂಡಬಹುದೆಂದು 1980ರಲ್ಲಿ ತೀರ್ಪಾಯಿತು.

ಆದರೆ ಉಪೇಕ್ಷೆಯೆಂದರೇನು? 1994ರ ತೀರ್ಪಿನಂತೆ, ಅಪಾಯವನ್ನು ಅರಿತೂ ಸುಮ್ಮನಿದ್ದ ಅಧಿಕಾರಿಯು ಮಾತ್ರ ಹೊಣೆಗಾರನು. ಅರಿಯದವನು ಎಷ್ಟು ಅಜಾಗರೂಕನಾಗಿದ್ದರೂ ಅಲ್ಲ. ಬಲವಾದ ಸಂದೇಹವಿದ್ದೂ ವಿಚಾರಿಸಲೊಲ್ಲದವನು ತಪ್ಪಿಸಿಕೊಳ್ಳಲಾರನೆಂದು ನ್ಯಾಯಾಧೀಶರು ಹೇಳಿರುವುದು ನಿಜ. ಆದರೂ ಸಂದೇಹವೇ ಹುಟ್ಟದಂತೆ ಮನಸ್ಸನ್ನು ಜಡಮಾಡಿಕೊಂಡವನ ಮಾತೇನು? ದೀಪವನ್ನು ತಾನೇ ಆರಿಸಿ, ಕತ್ತಲಲ್ಲಿ ಕಾಣಲಿಲ್ಲವೆನ್ನುವ ಕಾವಲುಗಾರನ ಅಜ್ಞಾನವು ಪಿತ್ರಾರ್ಜಿತವಲ್ಲ, ಸ್ವಯಾರ್ಜಿತ! ಅದನ್ನು ನಿರ್ದೋಷವೆನ್ನಲು ಧರ್ಮಬುದ್ಧಿಯು ಒಪ್ಪಲಾರದು.

ಇನ್ನು 1996ರ ಶಾಸನದಂತೆ, ದಾವೆಗೆ ಮುನ್ನ ಸೆರೆಮನೆಯ ದೂರಿನ ಮೆಟ್ಟಿಲುಗಳನ್ನೆಲ್ಲ ಹತ್ತಬೇಕು. ಘಟನೆಯಾದ 20 ದಿನಗಳೊಳಗೆ ಕಾರಾಗೃಹಾಧಿಪತಿಗೆ ಬರೆದುಕೊಡಬೇಕು. ಬಳಿಕ ಪ್ರಾದೇಶಿಕ ಅಧಿಕಾರಿ, ಕೊನೆಗೆ ಕೇಂದ್ರಕಚೇರಿ. ಕ್ಷುಲ್ಲಕ ದಾವೆಗಳನ್ನು ತಡೆಯುವುದಕ್ಕಾಗಿ ಈ ಏರ್ಪಾಡೆಂಬ ಸಮಾಧಾನವನ್ನು ಪೂರ್ತಿ ತಳ್ಳಿಹಾಕಲಾಗದು. ಆದರೆ ದೂರಿನ ನಮೂನೆಯನ್ನು ಕೇಳಿ ಪಡೆಯಬೇಕಾದದ್ದೂ ಅದೇ ಸೆರೆಮನೆಯ ಸಿಬ್ಬಂದಿಯಿಂದಲೇ. ಅವರು ಅಡ್ಡಿಪಡಿಸಿದರೆ ಆ ಮೆಟ್ಟಿಲನ್ನು ಹತ್ತಬೇಕಾಗಿಲ್ಲವೆಂದು 2016ರ ತೀರ್ಪು ಹೇಳುತ್ತದೆ. ಅಡ್ಡಿಪಡಿಸಿದರೆಂಬುದನ್ನು ರುಜುವಾತುಪಡಿಸಲು ಅನೇಕ ವೇಳೆ ಬಂದಿಯ ಬಳಿ ಅವನ ಮಾತಲ್ಲದೆ ಮತ್ತೇನಿದ್ದೀತು?